ಭಂಡಾರವನ್ನು ಕಸವೆಂದ ಯಂತ್ರ

ನನ್ನ ಕೆಲಸವೇನೆಂದು ನನ್ನ ಮಾವನವರಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಔರಾದಿನಲ್ಲಿ ಯಾರಾದರೂ ಅಳಿಯ ಏನು ಮಾಡುತ್ತಾರೆಂದು ಕೇಳಿದರೆ ಅವರು ಮೊದಲು ಮಳೆಯ ಮಾತು ತೆಗೆಯುತ್ತಿದ್ದರು. ಕೇಳಿದವರು ಬಿಡದಿದ್ದರೆ ಹೈದರಾಬಾದಿನ ಕಂಪನಿಯಲ್ಲಿದ್ದಾರೆ ಎನ್ನುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ದನಿ ತಗ್ಗಿಸಿ, "ಸಿನಿಮಾ ನೋಡ್ತಾರ್ರಿ" ಎಂದುಬಿಡುತ್ತಿದ್ದರು. ಕೇಳಿದವರು ಮಗಳ ಹಣೆಬರಹಕ್ಕೆ ಮರುಗಿ ಎದ್ದು ಹೋಗುತ್ತಿದ್ದರು.

ಮಾವ ಹೇಳಿದ್ದು ಸುಳ್ಳೇನಲ್ಲ. ಹಳೆಯ ಸಿನಿಮಾಗಳನ್ನು ಮನೆಯ ದೊಡ್ಡ ಟಿ.ವಿ.ಯಲ್ಲಿ ನೋಡಲೆಂದು ಫೋರ್‌ಕೆ ಡಿಸ್ಕಿಗೆ ಇಳಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಚಿತ್ರ ಪರೀಕ್ಷಕನಾಗಿದ್ದೆ. ಡಿಸ್ಕು ಮಾರಾಟಕ್ಕೆ ಹೋಗುವ ಮೊದಲು ಪ್ರತಿ ದೃಶ್ಯವನ್ನೂ ನೋಡಿ, ಕಪ್ಪು ಕಪ್ಪಾಗಿದೆಯೇ, ಮುಖ ಮುಖದಂತಿದೆಯೇ, ಆಕಾಶದಲ್ಲಿ ಪಟ್ಟೆ ಬಿದ್ದಿದೆಯೇ, ಹೊಗೆ ಒಡೆದು ಚೌಕಳಿಯಾಗಿದೆಯೇ ಎಂದು ಹೇಳುವುದು ನನ್ನ ಪಾಲಿನ ಕೆಲಸ. ಸಿನಿಮಾ ಹೇಗಿದೆ ಎಂದು ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಕೇಳಿದ್ದರೂ ಹೇಳಲು ಬರುತ್ತಿರಲಿಲ್ಲ, ಏಕೆಂದರೆ ನಾಯಕಿ ಪ್ರಾಣ ಬಿಡುವಾಗ ನಾನು ಅವಳ ಹಿಂದಿನ ಗೋಡೆಯನ್ನು ನೋಡುತ್ತಿದ್ದೆ.

ಈಗ ನಿವೃತ್ತನಾಗಿ ಬೀದರಿನ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಬರಬೇಕೆನ್ನುವ ಒಬ್ಬಿಬ್ಬರು ಹೊಸಬರು ಹುಡುಕಿಕೊಂಡು ಬರುತ್ತಾರೆ. ಯಾವ ಟಿ.ವಿ. ಕೊಂಡರೆ ಒಳ್ಳೆಯದು ಎಂದು ಕೇಳುವವರು ಅವರಿಗಿಂತ ಹೆಚ್ಚು ಬರುತ್ತಾರೆ. ಎಲ್ಲರಿಗೂ ಹೇಳುವುದನ್ನು ಒಂದೇ ಸಲ ಬರೆದುಬಿಟ್ಟರೆ ಚಹಾಪುಡಿಯಾದರೂ ಉಳಿದೀತು ಎಂಬುದು ನನ್ನ ಹೆಂಡತಿ ಸುಜಾತಾಳ ಸಲಹೆ. ಅದಕ್ಕೆಂದೇ ಈ ಬರಹ.

ನನ್ನ ಕಣ್ಣು ಪಳಗಿದ್ದು ಭಾಲ್ಕಿಯ ಟಾಕೀಸಿನಲ್ಲಿ. ಓದು ಮುಗಿಸಿ ಖಾಲಿ ತಿರುಗುತ್ತಿದ್ದವನು ಅಲ್ಲಿಯ ಆಪರೇಟರನ ಕೈಕೆಳಗೆ ಸೇರಿಕೊಂಡೆ. ಆಗ ಪ್ರೊಜೆಕ್ಟರಿನ ಬೆಳಕು ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಕಿಡಿಯಿಂದ ಬರುತ್ತಿತ್ತು. ಕಡ್ಡಿ ಗಿಡ್ಡವಾದಂತೆ ಹೊಸದು ಹಾಕಬೇಕು. ಟಾಕೀಸಿನ ಮಾಲೀಕರಿಗೆ ಹಳೆಯ ಕಡ್ಡಿಯ ಮೇಲೆ ಬಹಳ ಮಮತೆ. ಅದು ಬೆರಳುಗುರಿನಷ್ಟಾಗುವವರೆಗೂ ಬಿಡಿಸುತ್ತಿರಲಿಲ್ಲ, ಉರಿ ಸಣ್ಣದಾಗಿಡಿ ಎನ್ನುತ್ತಿದ್ದರು. ಹೀಗಾಗಿ ಸಿನಿಮಾಗಳೆಲ್ಲ ಮುಸ್ಸಂಜೆಯಲ್ಲೇ ನಡೆಯುತ್ತವೆ ಎಂದು ಭಾಲ್ಕಿಯ ಜನ ತಿಳಿದಿದ್ದರು. ಹೈದರಾಬಾದಿನಲ್ಲಿ ಅದೇ ಸಿನಿಮಾ ನೋಡಿ ಬಂದ ವ್ಯಾಪಾರಿಯೊಬ್ಬರು ನಾಯಕಿಯ ಸೀರೆ ಹಸಿರು ಎಂದು ಹೇಳಿದಾಗ ಎದುರಿನ ಚಹಾ ಅಂಗಡಿಯಲ್ಲಿ ಯಾರೂ ಒಪ್ಪಲಿಲ್ಲ.

ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಸಂಜೆಯ ಆಟಕ್ಕೆ ಔರಾದ್ ಕಡೆಯ ಹಳ್ಳಿಗಳವರೇ ಹೆಚ್ಚು. ಉದ್ದನೆಯ ಸಿನಿಮಾ ಬಂದರೆ ಆಟ ಮುಗಿಯುವ ಮೊದಲೇ ಔರಾದಿನ ಕೊನೆಯ ಬಸ್ಸು ಹೊರಟುಹೋಗುತ್ತಿತ್ತು. ಬಸ್ಸನ್ನು ತಡೆಯುವುದು ಮಾಲೀಕರ ಕೈಯಲ್ಲಿರಲಿಲ್ಲ, ಸಿನಿಮಾ ಅವರ ಕೈಯಲ್ಲಿತ್ತು. ನಡುವಿನ ಒಂದು ರೀಲನ್ನು ಡಬ್ಬಿಯಿಂದ ಹೊರಗೇ ತೆಗೆಯಬೇಡಿ ಎಂದು ಹೇಳಿಬಿಡುತ್ತಿದ್ದರು. ಹಾಡು, ಹೊಡೆದಾಟ ಇರುವ ರೀಲು ಮುಟ್ಟುವಂತಿಲ್ಲ. ಬರೀ ಕಥೆ ಇರುವ ರೀಲು ಹೋದರೆ ನಷ್ಟವಿಲ್ಲ. ಜನರಿಗೆ ಕಥೆ ಮೊದಲೇ ಗೊತ್ತಿರುತ್ತದೆ ಎನ್ನುವುದು ಅವರ ನಂಬಿಕೆ. ಈ ಪದ್ಧತಿ ನಾನು ಸೇರುವುದಕ್ಕಿಂತ ಎಷ್ಟೋ ಮೊದಲಿನಿಂದ ನಡೆದುಬಂದಿತ್ತು ಎಂದು ನನ್ನ ಗುರು ಹೆಮ್ಮೆಯಿಂದ ಹೇಳುತ್ತಿದ್ದರು.

ಟಾಕೀಸು ಮುಚ್ಚಿ ಗೋದಾಮಾಯಿತು. ನಾನು ಬೀದರಿನಲ್ಲಿ ಕ್ಯಾಸೆಟ್ ಅಂಗಡಿ, ಆಮೇಲೆ ಮದುವೆ ವಿಡಿಯೊ ಎಂದು ಅಲೆದು ಕೊನೆಗೆ ಹೈದರಾಬಾದಿನ ಕಂಪನಿ ಸೇರಿದೆ. ಅದರ ಒಡೆಯರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಅವರು ಮೊದಲು ಮದುವೆ ಆಲ್ಬಂ ಮಾಡುತ್ತಿದ್ದವರು. ಯಾವ ಬಣ್ಣದ ಮದುಮಗಳು ಬಂದರೂ ಒಂದೇ ಬಣ್ಣದವಳಾಗಿ ಹೊರಗೆ ಬರುತ್ತಿದ್ದಳು. ಆ ಕಲೆಯನ್ನೇ ಅವರು ಸಿನಿಮಾಗಳ ಮೇಲೂ ಪ್ರಯೋಗಿಸಿದರು.

ಇಲ್ಲಿ ಹೊಸಬರು ಒಂದು ಮಾತು ತಿಳಿದುಕೊಳ್ಳಬೇಕು. ಫಿಲ್ಮಿನಲ್ಲಿ ತೆಗೆದ ಚಿತ್ರವನ್ನು ಹತ್ತಿರದಿಂದ ನೋಡಿದರೆ ಅದರ ತುಂಬ ಸಣ್ಣ ರವೆಯಂಥ ಕಣಗಳು ಮಿಸುಕಾಡುತ್ತಿರುತ್ತವೆ. ಅದಕ್ಕೆ ಗ್ರೇನ್ ಎನ್ನುತ್ತಾರೆ. ಅದು ಕೊಳೆಯಲ್ಲ, ಚಿತ್ರ ಕಟ್ಟಿಕೊಂಡಿರುವುದೇ ಅದರಿಂದ. ಅದನ್ನು ಉಜ್ಜಿ ತೆಗೆದರೆ ಅದರ ಜೊತೆಗೆ ಮುಖದ ಸುಕ್ಕು, ಸೀರೆಯ ನೂಲು, ಗೋಡೆಯ ಗಾರೆ ಎಲ್ಲ ಹೋಗುತ್ತದೆ. ಸಾಹೇಬರು ಉಜ್ಜಿಸುತ್ತಿದ್ದರು. ಒಂದು ಸಿನಿಮಾದಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೂ ಒಂದೇ ಓರಗೆಯವರಂತೆ ಕಂಡರು. ನಾನು ಅದನ್ನು ದೋಷವೆಂದು ಬರೆದೆ. ಅಜ್ಜಿ ಪಾತ್ರ ಮಾಡಿದವರ ಮನೆಯವರು ನೋಡಿದರೆ ಖುಷಿಪಡುತ್ತಾರೆ ಎಂದು ಸಾಹೇಬರು ಉತ್ತರ ಕಳಿಸಿದರು.

ಮಚ್ಚೆಯ ಪ್ರಕರಣವನ್ನಂತೂ ಮರೆಯುವಂತಿಲ್ಲ. ಚಿಕ್ಕಂದಿನಲ್ಲಿ ತಪ್ಪಿಸಿಕೊಂಡ ಮಗನನ್ನು ತಾಯಿ ಕೊನೆಯಲ್ಲಿ ಕೆನ್ನೆಯ ಮಚ್ಚೆಯಿಂದ ಗುರುತಿಸುವ ಕಥೆ ಅದು. ನಮ್ಮ ಕಂಪನಿಯ ತಂತ್ರಜ್ಞರು ಆ ಮಚ್ಚೆಯನ್ನು ಫಿಲ್ಮಿನ ಮೇಲಿನ ಕಲೆಯೆಂದು ತಿಳಿದು, ಮೊದಲಿಂದ ಕೊನೆಯವರೆಗೂ ಶ್ರದ್ಧೆಯಿಂದ ಅಳಿಸಿದ್ದರು. ತಾಯಿ ಮಗನ ನುಣುಪಾದ ಕೆನ್ನೆ ಸವರಿ, ಇದೇ ಗುರುತು ಎಂದು ಗೋಳಾಡುತ್ತಿದ್ದಳು. ನಾನು ತಿರುಗಿಸಿ ಕಳಿಸಿದೆ. ಮಚ್ಚೆ ವಾಪಸು ಬಂತು, ಆದರೆ ಇನ್ನೊಂದು ಕೆನ್ನೆಗೆ. ಮೂರನೆಯ ಸಲ ಸರಿಯಾಯಿತು.

ಆಮೇಲೆ ಕಂಪನಿಗೆ ಚಿತ್ರಕ್ಕೆ ಅಂಕ ಕೊಡುವ ಯಂತ್ರ ಬಂತು. ನನ್ನಂಥವರ ಕಣ್ಣಿಗಿಂತ ಅದು ನಂಬಿಕಸ್ಥ ಎಂದು ಸಾಹೇಬರು ಎಲ್ಲರನ್ನೂ ಸೇರಿಸಿ ಭಾಷಣ ಮಾಡಿದರು. ಪರೀಕ್ಷೆಗೆಂದು ಒಂದು ಇಡೀ ಸಿನಿಮಾ ಹಾಕಿದರು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಪಡೆದದ್ದು ನಡುವೆ ಬರುವ ‘ವಿರಾಮ’ ಎಂಬ ಕಪ್ಪು ಫಲಕ. ಅದರಲ್ಲಿ ಕೊಳೆ ಇರಲಿಲ್ಲ, ಅಲುಗಾಟ ಇರಲಿಲ್ಲ, ಮನುಷ್ಯರೂ ಇರಲಿಲ್ಲ.

ಮುಂದೆ ಖರ್ಚು ಕಡಿಮೆ ಮಾಡಲು ಕಂಪನಿ ಬಾಡಿಗೆ ಕೋಣೆ ಬಿಟ್ಟು, ನನ್ನ ಪರದೆ, ಪ್ಲೇಯರು ಎಲ್ಲವನ್ನೂ ಬೀದರಿನ ಮನೆಗೇ ಕಳಿಸಿತು. ಬಣ್ಣ ಸರಿಯಾಗಿ ಕಾಣಬೇಕಾದರೆ ಸುತ್ತಲ ಗೋಡೆ ಬೂದಿ ಬಣ್ಣದ್ದಿರಬೇಕು, ಹೊರಗಿನ ಬೆಳಕು ಒಳಗೆ ಬರಬಾರದು. ನಡುಮನೆಯ ಪಕ್ಕದ ಕೋಣೆಗೆ ಬೂದಿ ಬಣ್ಣ ಬಳಿದು, ಕಿಟಕಿಗೆ ಕಪ್ಪು ಪರದೆ ಕಟ್ಟಿದೆ. ಭಾಲ್ಕಿಯಿಂದ ಬಂದ ಸುಜಾತಾಳ ಚಿಕ್ಕಮ್ಮ ಆ ಕೋಣೆಯ ಬಾಗಿಲಲ್ಲೇ ನಿಂತು, ಮನೆಯಲ್ಲಿ ಯಾರು ತೀರಿಕೊಂಡರು ಎಂದು ಕೇಳಿದರು.

ಬೀದರಿನ ಟಿ.ವಿ.ಗಳ ವಿಷಯ ಹೇಳದಿದ್ದರೆ ಬರಹ ಪೂರ್ತಿಯಾಗದು. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿರುವ ವೀರಶೆಟ್ಟಿ ನನ್ನ ಹಳೆಯ ಗೆಳೆಯ. ತೊಗರಿ, ಉದ್ದು ತಂದ ರೈತರು ಹರಾಜಿನ ಸವಾಲು ಮುಗಿಯುವವರೆಗೆ ಕೂತಿರಲೆಂದು ಅಂಗಡಿಯಲ್ಲಿ ಗೋಡೆಯಗಲದ ಟಿ.ವಿ. ಹಾಕಿಸಿದ್ದ. ಶೋರೂಮಿನವರು ಗಿಳಿ, ಹಣ್ಣು, ಜಲಪಾತ ತೋರಿಸುವಾಗ ಇಡುವ ಕಣ್ಣು ಕುಕ್ಕುವ ಬಣ್ಣದಲ್ಲೇ ಅದು ಇವತ್ತಿಗೂ ಓಡುತ್ತದೆ. ಅದರಲ್ಲಿ ವಾರ್ತೆ ಓದುವವರು ಕುಂಕುಮ ಹಚ್ಚಿಕೊಂಡ ಟೊಮೆಟೊಗಳಂತೆ ಕಾಣುತ್ತಾರೆ. ನಾನು ಸರಿ ಮಾಡಿ ಬಂದರೆ, ಮರುದಿನ ಹಮಾಲರು ಟಿ.ವಿ. ಮಂಕಾಗಿದೆ ಎಂದು ಮತ್ತೆ ಮೊದಲಿನಂತೆ ಮಾಡುತ್ತಿದ್ದರು.

ಆ ಅಂಗಡಿಯಲ್ಲೇ ನನಗೆ ಬಕ್ಕಪ್ಪ ಕಾಕಾನ ಪರಿಚಯವಾದದ್ದು. ಕಮಠಾಣದ ಕುರಿಗಾರ, ಒಂದಿಷ್ಟು ಒಣಭೂಮಿ ಉಂಟು, ತೊಗರಿ ತಂದು ವೀರಶೆಟ್ಟಿಗೇ ಹಾಕುತ್ತಿದ್ದ. ಅಂಗಡಿಯಲ್ಲಿ ಎಲ್ಲರೂ ಅವನನ್ನು ‘ಹೀರೊ’ ಎಂದು ಕರೆಯುತ್ತಿದ್ದರು. ಕರೆದಾಗಲೆಲ್ಲ ಮುದುಕನ ಮುಖ ಬಾಡುತ್ತಿತ್ತು. ಕಾರಣ ಕೇಳಿದಾಗ ವೀರಶೆಟ್ಟಿ ಬಕ್ಕಪ್ಪನ ಎದುರಿಗೇ ನಗುತ್ತ ಹೇಳಿದ.

ಬಕ್ಕಪ್ಪನ ಹೆಂಡತಿಯ ಮೊದಲ ಹೆರಿಗೆ ಬಹಳ ಕಷ್ಟದ್ದಾಗಿತ್ತು. ತಾಯಿ, ಮಗು ಉಳಿದರೆ ಮೈಲಾರ ಮಲ್ಲಣ್ಣನಿಗೆ ಭಂಡಾರ ಹಾರಿಸುತ್ತೇನೆಂದು ಅವನು ಹರಕೆ ಹೊತ್ತ. ಭಂಡಾರವೆಂದರೆ ಅರಿಸಿನದ ಪುಡಿ. ದೇವರ ಮುಂದೆ ಮುಷ್ಟಿ ತುಂಬ ಹಿಡಿದು ಮೇಲಕ್ಕೆ ತೂರುತ್ತಾರೆ. ಇಬ್ಬರೂ ಉಳಿದರು. ಅಷ್ಟರಲ್ಲಿ ಔರಾದ್ ಕಡೆ ಸಿನಿಮಾ ತೆಗೆಯುವವರು ಬಂದು, ಭಂಡಾರ ಹಾರಿಸುವ ದೃಶ್ಯಕ್ಕೆ ಕುರಿಗಾರರು ಬೇಕೆಂದರು. ಅವರು ಮಾಡಿಸಿದ್ದ ರಟ್ಟಿನ ದೇವರ ಮುಂದೆ ಭಂಡಾರ ತೂರಲು ಕುರಿಗಾರರು ಒಪ್ಪಲಿಲ್ಲ. ಕೊನೆಗೆ ಸಿನಿಮಾದವರ ಜೀಪಿನಲ್ಲೇ ನಿಜವಾದ ದೇವರ ಮೂರ್ತಿಯನ್ನು ಛತ್ರಿ ಸಮೇತ ಕರೆತಂದರು. ದೇವರೇ ಎದುರಿಗೆ ಬಂದಾಗ ಬಕ್ಕಪ್ಪ ಅಲ್ಲೇ ತನ್ನ ಹರಕೆ ತೀರಿಸಿಬಿಟ್ಟ. ಸಿನಿಮಾದವರಿಗೆ ಅದು ಶೂಟಿಂಗ್, ಅವನಿಗೆ ಪೂಜೆ.

ಅವನ ಹೆಂಡತಿಯ ಅಣ್ಣ ಮಾಣಿಕಪ್ಪ ಇದನ್ನು ನಂಬಲಿಲ್ಲ. ಗುಡಿಗೆ ಹೋಗುವ ಖರ್ಚು ಉಳಿಸಲು ಸಿನಿಮಾದ ಕಥೆ ಕಟ್ಟಿದ್ದಾನೆ ಎಂದ. ಸಿನಿಮಾ ಭಾಲ್ಕಿಗೆ ಬಂದಾಗ ಬಕ್ಕಪ್ಪ ಮಾಣಿಕಪ್ಪನನ್ನೂ ಊರವರನ್ನೂ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ತೋರಿಸಲು ಹೋದ. ನಮ್ಮ ಟಾಕೀಸಿನ ಮಾಲೀಕರು ಔರಾದಿನ ಬಸ್ಸಿಗೆಂದು ಬಿಡಿಸಿದ್ದು ಅದೇ ರೀಲನ್ನು. ಸಿನಿಮಾ ಮುಗಿಯಿತು, ದೇವರೂ ಬರಲಿಲ್ಲ, ಬಕ್ಕಪ್ಪನೂ ಬರಲಿಲ್ಲ. ಅಂದಿನಿಂದ ಅವನು ಹೀರೊ. ಆಮೇಲೆ ಆ ಮನೆಯಲ್ಲಿ ಕುರಿ ಸತ್ತರೂ, ಮಗಳಿಗೆ ಜ್ವರ ಬಂದರೂ, ಬೆಳೆ ಹೋದರೂ, ದೇವರಿಗೆ ಕೊಟ್ಟ ಮಾತು ತಿಂದವನ ಮನೆಯಲ್ಲಿ ಇನ್ನೇನಾಗುತ್ತದೆ ಎಂದು ಮಾಣಿಕಪ್ಪ ಹೇಳುತ್ತಲೇ ಬಂದ. ಇನ್ನೊಮ್ಮೆ ಗುಡಿಗೆ ಹೋಗಿ ಹಾರಿಸಿ ಬಾ ಎಂದು ವೀರಶೆಟ್ಟಿ ಸಲಹೆ ಕೊಟ್ಟದ್ದಕ್ಕೆ, ಅವತ್ತೊಂದೇ ಸಲ ಮುದುಕ ಬಾಯಿ ತೆರೆದ.

"ಮತ್ತ ಹೋದ್ರ ಮೊದಲ ಮಾಡಿದ್ದು ಸುಳ್ಳ ಅಂತ ನಾನೇ ಒಪ್ಕೊಂಡಂಗ ಆಗ್ತದ್ರಿ" ಎಂದ.

ಕೆಲಸದ ಕೊನೆಯ ದಿನಗಳಲ್ಲಿ ನನ್ನ ಬೂದಿ ಕೋಣೆಗೆ ಅದೇ ಸಿನಿಮಾ ಬಂತು. ಮೊದಲು ಬರುವುದು ಫಿಲ್ಮಿನಿಂದ ನೇರವಾಗಿ ತೆಗೆದ, ಯಾರೂ ತೊಳೆಯದ ಪ್ರತಿ. ಭಾಲ್ಕಿ ಎಂದೂ ನೋಡದ ಆ ರೀಲನ್ನು ನಾನು ನೋಡಿದೆ. ದೇವರ ಛತ್ರಿಯ ಸುತ್ತ ಕುರಿಗಾರರು ಕುಣಿಯುತ್ತಿದ್ದರು, ಭಂಡಾರ ಪರದೆಯ ತುಂಬ ಹಾರುತ್ತಿತ್ತು. ಮುಂದೆ ಕೆಂಪು ರುಮಾಲಿನ, ದೊಡ್ಡ ಮೀಸೆಯ ಯುವಕನೊಬ್ಬ ಮುಷ್ಟಿ ಮುಷ್ಟಿ ತೂರುತ್ತಿದ್ದ. ಬಕ್ಕಪ್ಪ ಸಿಕ್ಕ ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಮಾರಾಟಕ್ಕೆ ಮೊದಲು ಹೊರಗಿನವರಿಗೆ ಚಿತ್ರ ತೋರಿಸುವಂತಿಲ್ಲ, ಕಂಪನಿಯ ಕರಾರು. ವೀರಶೆಟ್ಟಿಯಿಂದ ಸುದ್ದಿ ಕೇಳಿ ಬಕ್ಕಪ್ಪನೇ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತ. ತಾನು ಹೇಗೆ ಕಾಣುತ್ತೇನೆಂದು ಕೇಳಲಿಲ್ಲ.

"ಭಂಡಾರ ಕಾಣ್ತದೇನ್ರಿ ಸಾಹೇಬ್ರ?" ಎಂದಷ್ಟೇ ಕೇಳಿದ.

"ಕಾಣ್ತದ ಕಾಕಾ. ಪರದಿ ತುಂಬ ಅದೇ ಅದ" ಎಂದೆ. ಸುಜಾತಾ ಕೊಟ್ಟ ಚಹಾ ಕುಡಿದು, ಮೈಲಾರನ ಹೆಸರು ಹೇಳಿ ಎದ್ದು ಹೋದ.

ಆಮೇಲೆ ತೊಳೆದ ಪ್ರತಿ ಬಂತು. ಭಂಡಾರ ಇರಲಿಲ್ಲ. ಒಂದು ಕ್ಷಣ ಕಂಡು ಮರುಕ್ಷಣ ಮಾಯವಾಗುವ ಪ್ರತಿಯೊಂದು ಚುಕ್ಕೆಯನ್ನೂ ಚಿತ್ರ ತೊಳೆಯುವ ಯಂತ್ರ ಧೂಳೆಂದು ತಿಳಿದು ಒರೆಸುತ್ತದೆ. ಹಾರುವ ಅರಿಸಿನ ಯಂತ್ರದ ಲೆಕ್ಕದಲ್ಲಿ ಅಂಥ ಚುಕ್ಕೆಗಳ ರಾಶಿ. ದೊಡ್ಡ ಮೀಸೆಯವನು ಬರಿಗೈ ಎತ್ತಿ, ಬರಿಗೈ ಬಿಚ್ಚಿ, ನೊಣ ಓಡಿಸುವವನಂತೆ ಕುಣಿಯುತ್ತಿದ್ದ. ಇದು ಹೀಗೇ ಹೋದರೆ, ದೇವರ ಮುಂದೆ ಬರಿಗೈ ಬೀಸಿದವನೆಂದು ಮಾಣಿಕಪ್ಪನಿಗೆ ಸಾಕ್ಷಿಯನ್ನೇ ಒದಗಿಸಿದಂತಾಗುತ್ತಿತ್ತು. ಬಕ್ಕಪ್ಪನ ಪಾಲಿಗೆ ಆ ರೀಲು ಮತ್ತೊಮ್ಮೆ ಡಬ್ಬಿಯಲ್ಲೇ ಉಳಿಯುವುದು ಎಷ್ಟೋ ವಾಸಿ.

ಸಾಹೇಬರಿಗೆ ಫೋನು ಮಾಡಿದೆ. ಇಡೀ ಸಿನಿಮಾದಲ್ಲಿ ಅಂಕ ಹೆಚ್ಚು ಬಂದ ರೀಲು ಅದೇ ಎಂದು ಅವರು ಸಂತೋಷದಲ್ಲಿದ್ದರು. ಹಳದಿ ಕಲೆಗಳೆಲ್ಲ ಫಿಲ್ಮಿಗೆ ಹತ್ತಿದ ಬೂಷ್ಟು ಎಂದುಕೊಂಡಿದ್ದರು. ಅದು ಭಂಡಾರ, ದೇವರಿಗೆ ಸಲ್ಲಿಸುವುದು ಎಂದು ವಿವರಿಸಿದೆ. ಅರಿಸಿನ ಗೊತ್ತಿದ್ದವರು ಈ ಡಿಸ್ಕು ಕೊಳ್ಳುವುದಿಲ್ಲ, ಡಿಸ್ಕು ಕೊಳ್ಳುವವರಿಗೆ ಅರಿಸಿನ ಗೊತ್ತಿರುವುದಿಲ್ಲ ಎಂದು ಅವರು ತರ್ಕ ಹೂಡಿದರು. ಕೈಯಲ್ಲಿ ಏನೂ ಇಲ್ಲದೆ ಇಷ್ಟು ಜನ ಏಕೆ ಕುಣಿಯುತ್ತಿದ್ದಾರೆ ಎಂದು ನೋಡುವವರು ಕೇಳಿದರೆ ಏನು ಹೇಳುತ್ತೀರಿ ಎಂದೆ. ನೃತ್ಯ ಎನ್ನಬಹುದು ಎಂದರು. ನಾನು ಪಾಸು ಮಾಡಲಿಲ್ಲ.

ಎರಡನೆಯ ಪ್ರತಿ ಬಂತು. ನಾನು ಬರೆದ ವಿವರಣೆಯಲ್ಲಿ ಮೀಸೆಯವನ ಮಾತೇ ಹೆಚ್ಚಿತ್ತಾದ್ದರಿಂದ, ತಂತ್ರಜ್ಞರು ಅವನ ಸುತ್ತ ಮಾತ್ರ ಭಂಡಾರ ವಾಪಸು ತಂದಿದ್ದರು. ಉಳಿದ ಕಡೆ ಗಾಳಿ ನಿರ್ಮಲವಾಗಿತ್ತು. ನಿಮ್ಮ ಮನುಷ್ಯನಿಗೆ ಅವನ ಪುಡಿ ಕೊಟ್ಟಿದ್ದೇವೆ, ಇನ್ನು ಮುಗಿಸಿ ಎಂದು ಸಾಹೇಬರ ಸಂದೇಶ. ಮುಗಿಸಬಹುದಿತ್ತು. ನನಗೂ ಬೇಕಾದದ್ದು ಆ ಮನುಷ್ಯನೇ. ಆದರೆ ಅಂಚಿನಲ್ಲಿ ಒಂದು ಕಡೆ ದೇವರ ಛತ್ರಿಯ ಮೇಲೆ ಅರಿಸಿನ ಬೀಳುತ್ತಿತ್ತು, ಅದನ್ನು ಯಾರೂ ತೂರುತ್ತಿರಲಿಲ್ಲ. ತೊಳೆಯದ ಪ್ರತಿ ತೆಗೆದು ನೋಡಿದೆ. ಅಲ್ಲಿ ಛತ್ರಿಯ ಹಿಂದಿನಿಂದ ಯಾರದೋ ಕೈ ಮೇಲೆದ್ದು ಒಂದು ಮುಷ್ಟಿ ಭಂಡಾರ ಬಿಡುತ್ತಿತ್ತು. ಮುಖವಿಲ್ಲ, ಮೈಯಿಲ್ಲ. ಕೈಯನ್ನು ಕೂಡ ಯಂತ್ರ ಪುಡಿಯ ಜೊತೆಗೇ ಒರೆಸಿಹಾಕಿತ್ತು.

ಅದು ಯಾರ ಕೈ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಚಿತ್ರದಲ್ಲಿದ್ದದ್ದು ಇರಬೇಕು ಎನ್ನುವುದಷ್ಟೇ ನನ್ನ ಉದ್ಯೋಗ. ಮತ್ತೆ ತಿರುಗಿಸಿದೆ. ಈ ಸಲ ಸಾಹೇಬರು ಬಹಳ ನಯವಾಗಿ, ನಿಮ್ಮ ಕಣ್ಣಿಗೆ ವಿಶ್ರಾಂತಿ ಬೇಕು, ಇದೊಂದನ್ನು ಮುಗಿಸಿ ಮನೆಯಲ್ಲಿರಿ ಎಂದರು. ನಾನು ಮನೆಯಲ್ಲೇ ಇದ್ದೆ, ಅದನ್ನು ಹೇಳಲಿಲ್ಲ. ಸುಜಾತಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಬುದ್ಧವಿಹಾರಕ್ಕ ಹೋಗೋ ಮಂದಿ ನಾವು. ಮೈಲಾರನ ಭಂಡಾರಕ್ಕ ನೌಕರಿ ಕಳ್ಕೊಂಡವ್ರು ನೀವೊಬ್ರೇ ಇರಬೇಕು ನೋಡ್ರಿ" ಎಂದು ನಕ್ಕಳು. ಅವಳ ನಗುವಿನಲ್ಲಿ ಸಿಟ್ಟಿರಲಿಲ್ಲ, ನನಗೆ ಧೈರ್ಯ ಬಂತು.

ಮೂರನೆಯ ಪ್ರತಿಯಲ್ಲಿ ಎಲ್ಲವೂ ಇತ್ತು. ಪಾಸು ಮಾಡಿದೆ. ಕಂಪನಿಯವರು ಪರದೆ, ಪ್ಲೇಯರು ತೆಗೆದುಕೊಂಡು ಹೋದರು. ಬಹಳ ದಿನಗಳ ಮೇಲೆ ಒಂದು ಶಾಲು, ಒಂದು ಗೋಡೆ ಗಡಿಯಾರ, ಆ ಡಿಸ್ಕಿನ ಒಂದು ಪ್ರತಿ ಕಳಿಸಿದರು. ಶಾಲು ಸುಜಾತಾ ತೆಗೆದುಕೊಂಡಳು.

ಡಿಸ್ಕು ಹಿಡಿದುಕೊಂಡು, ಒಂದು ಪ್ಲೇಯರು ಬೇಡಿ ತಂದು, ಗಂಜಿಗೆ ರಜೆಯಿದ್ದ ದಿನ ವೀರಶೆಟ್ಟಿಯ ಅಂಗಡಿಗೆ ಹೋದೆ. ಕಮಠಾಣದಿಂದ ಬಕ್ಕಪ್ಪ, ಅವನ ಹೆಂಡತಿ, ನೆರೆಹೊರೆಯವರು ಬಂದಿದ್ದರು. ಮಾಣಿಕಪ್ಪನೂ ಕೋಲೂರಿಕೊಂಡು ಬಂದು, ಈ ಸಲವಾದರೂ ದೇವರು ಬರುತ್ತಾನೋ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕುಳಿತ. ನಾನು ಮೊದಲು ಟಿ.ವಿ.ಯ ಜಾತ್ರೆಯ ಬಣ್ಣ ಇಳಿಸಿದೆ. ಟಿ.ವಿ. ಕೆಟ್ಟಿತು ಎಂದು ಸಿನಿಮಾ ನೋಡಲು ಬಂದಿದ್ದ ಹಮಾಲರು ಗೊಣಗಿದರು.

ಆ ದೃಶ್ಯ ಬಂತು. ಕೆಂಪು ರುಮಾಲಿನ ಮೀಸೆಯವನು ಕಂಡ ಕೂಡಲೇ ಅಂಗಡಿಯೆಲ್ಲ ಬಕ್ಕಪ್ಪ ಬಕ್ಕಪ್ಪ ಎಂದಿತು. ವೀರಶೆಟ್ಟಿ ಎದ್ದು ಅವನ ಬೆನ್ನು ತಟ್ಟಿದ. ನಾನು ಗೆದ್ದವನಂತೆ ಬಕ್ಕಪ್ಪನ ಕಡೆ ನೋಡಿದೆ. ಮುದುಕ ತಲೆ ಅಲ್ಲಾಡಿಸುತ್ತಿದ್ದ.

"ಅಂವ ನಾ ಅಲ್ರಿ. ಅಂವ ಬಗದಲ್‌ದಾಂವ, ತೀರ್ಕೊಂಡು ಭಾಳ ದಿನ ಆಯ್ತು" ಎಂದ.

ಮಾಣಿಕಪ್ಪ ಕೋಲು ನೆಲಕ್ಕೆ ಕುಟ್ಟಿ ನಕ್ಕ. ಇಷ್ಟೆಲ್ಲ ಜಗಳ ಯಾರೋ ಬಗದಲ್ ಊರಿನವನ ಮೀಸೆಗಾಗಿ ಮಾಡಿದ್ದೆ. ಬಕ್ಕಪ್ಪ ಎದ್ದು ಟಿ.ವಿ.ಯ ಹತ್ತಿರ ಹೋದ.

"ಇನ್ನೊಮ್ಮಿ ಹಚ್ರಿ ಸಾಹೇಬ್ರ. ದೇವರ ಛತ್ರಿ ಹಿಂದ ನೋಡ್ರಿ" ಎಂದ.

ಹಚ್ಚಿದೆ. ಛತ್ರಿಯ ಹಿಂದಿನಿಂದ ಕೈ ಮೇಲೆದ್ದಿತು. ಮುಷ್ಟಿ ಬಿಚ್ಚಿತು. ಹಳದಿ ಮೇಲಕ್ಕೆ ಹೋಗಿ, ಹರಡಿ, ದೇವರ ಮೇಲೆ ಇಳಿಯಿತು. ಕೈ ಕೆಳಗೆ ಹೋಯಿತು. ಇಡೀ ಸಿನಿಮಾದಲ್ಲಿ ಬಕ್ಕಪ್ಪ ಇದ್ದದ್ದು ಅಷ್ಟೇ.

ಕೈ ಯಾರದಾದರೂ ಇರಬಹುದಲ್ಲ ಎಂದು ವೀರಶೆಟ್ಟಿ ಮೆಲ್ಲಗೆ ಹೇಳಿದ. ಬಕ್ಕಪ್ಪ ಅವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಭಾವನ ಕಡೆಗೆ ತಿರುಗಿದ.

"ಮಾಣಿಕಣ್ಣ, ಕೈ ಯಾರದರ ಇರ್ಲಿ. ಭಂಡಾರ ದೇವರಿಗಿ ಮುಟ್ಟಿತಿಲ್ಲೊ, ಅಷ್ಟ ಹೇಳು."

ಮಾಣಿಕಪ್ಪ ಇನ್ನೊಮ್ಮೆ ಹಚ್ಚಲು ನನಗೆ ಸನ್ನೆ ಮಾಡಿದ. ನೋಡಿದ. ಮತ್ತೊಮ್ಮೆ ಸನ್ನೆ ಮಾಡಿದ. ಮೂರನೆಯ ಸಲ ಹಳದಿ ದೇವರ ಮೇಲೆ ಇಳಿಯುವಾಗ ಕೋಲನ್ನು ಗೋಡೆಗೆ ಒರಗಿಸಿ, ಟೊಪ್ಪಿಗೆ ತೆಗೆದು, ವೀರಶೆಟ್ಟಿಯ ಟಿ.ವಿ.ಗೆ ಎರಡೂ ಕೈ ಮುಗಿದ.

"ಮುಟ್ಟಿತಪ್ಪ" ಎಂದ.

ಬಕ್ಕಪ್ಪನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.